ಶ್ರೀಹರಿಕೋಟಾ ಪ್ರವಾಸ: ರಾಕೆಟ್ ಉಡಾವಣೆಯನ್ನು ನಂಬಿ ರಜೆಯ ದಿನ ಗೊತ್ತುಮಾಡಬಹುದೇ?

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರಿಗೂ ಶರಣು. ಮುಂದಿನ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಶ್ರೀಹರಿಕೋಟಾಕ್ಕೆ ಹೋಗಿಬರಬೇಕೆಂದು ಮಾತಾಡಿಕೊಂಡಿದ್ದೇವೆ. ನಾನು, ನನ್ನ ಹೆಂಡತಿ, ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ ಮತ್ತು ಮೊಣಕಾಲು ನೋವಿರುವ ನಮ್ಮ ಅವ್ವ, ಒಟ್ಟು ಐದು ಜನ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ನೋಡಿದಂದಿನಿಂದ ಮಗಳು ಈ ಹಂಬಲವನ್ನು ಬಿಟ್ಟಿಲ್ಲ. ನಾನೂ ಒಮ್ಮೆ ಮಾತಿನ ಭರದಲ್ಲಿ ‘ರಾಕೆಟ್ ಹಾರುವುದನ್ನೇ ತೋರಿಸುತ್ತೇನೆ’ ಎಂದುಬಿಟ್ಟೆ. ಆ ಮಾತನ್ನು ಉಳಿಸಿಕೊಳ್ಳುವುದು ಸುಲಭವಲ್ಲವೆಂಬುದು ವಿಚಾರಿಸತೊಡಗಿದ ಮೇಲೆ ತಿಳಿಯುತ್ತಿದೆ.

ಉಡಾವಣೆಯ ದಿನಾಂಕ ನಮಗೆ ಎಷ್ಟು ಮೊದಲು ತಿಳಿಯುತ್ತದೆ, ತಿಳಿದ ದಿನಾಂಕವನ್ನು ಎಷ್ಟರಮಟ್ಟಿಗೆ ನಂಬಬಹುದು, ಬೇಸಿಗೆ ಒಳ್ಳೆಯದೋ ದಸರಾ ರಜೆಯೋ ಎಂಬುದನ್ನು ಹೋಗಿಬಂದವರು ತಿಳಿಸಬೇಕು. ಇನ್ನೊಂದು ಸಂಗತಿ: ನಮ್ಮೂರಿನ ಟ್ರಾವೆಲ್ಸ್‌ನವರೊಬ್ಬರು ‘ರಾಕೆಟ್ ನೋಡುವ ಪಾಸ್ ಸಮೇತ’ ಎಂದು ಹೇಳಿ ತಲೆಗೆ ಎರಡು ಸಾವಿರ ರೂಪಾಯಿ ಹೆಚ್ಚಿಗೆ ಕೇಳಿದ್ದಾರೆ. ಅಂಥ ಪಾಸ್ ಇರುವುದು ನಿಜವೇ?

ನಿವೃತ್ತ ಭೌತಶಾಸ್ತ್ರ ಶಿಕ್ಷಕ (ಗೋಕಾಕ)

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಹಣ ಕಳೆದುಕೊಳ್ಳುವ ಅಪಾಯವಿದೆ. ಶ್ರೀಹರಿಕೋಟಾದ ಉಡಾವಣಾ ನೆಲೆಯಾದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಲ್ಲಿ ಸಾರ್ವಜನಿಕರಿಗಾಗಿ ಕಟ್ಟಿಸಿದ ಉಡಾವಣಾ ವೀಕ್ಷಣಾ ಗ್ಯಾಲರಿ 2019ರ ಮಾರ್ಚ್ ಕೊನೆಗೆ ತೆರೆಯಿತು. ಮರುದಿನವೇ, ಅಂದರೆ ಏಪ್ರಿಲ್ 1ರಂದು, ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ಉಡಾವಣೆಯನ್ನು ಜನ ಅಲ್ಲಿ ಕುಳಿತು ನೋಡಿದರು. ಸುಮಾರು ಐದು ಸಾವಿರ ಜನ ಕೂರಬಹುದಾದ ಆ ಗ್ಯಾಲರಿಗೆ ಪ್ರವೇಶ ಉಚಿತ. ಇಸ್ರೋದ ಅಧಿಕೃತ ಜಾಲತಾಣದಲ್ಲಿ ಉಡಾವಣೆಗೆ ಕೆಲವು ದಿನ ಇರುವಾಗ ನೋಂದಣಿ ತೆರೆಯುತ್ತಾರೆ, ನಾವೇ ಹೆಸರು ಮತ್ತು ಗುರುತಿನ ಚೀಟಿಯ ವಿವರ ತುಂಬಬೇಕು, ಅದೇ ಗುರುತಿನ ಚೀಟಿಯನ್ನು ಬಾಗಿಲಲ್ಲಿ ತೋರಿಸಬೇಕು. ದೊಡ್ಡ ಉಡಾವಣೆಯಾದರೆ ಜಾಗಗಳು ಬಹಳ ಬೇಗ ತುಂಬಿಬಿಡುತ್ತವೆ. ಇದರಲ್ಲಿ ಟ್ರಾವೆಲ್ಸ್‌ನವರು ಮಾರುವಂಥದ್ದು ಏನೂ ಇಲ್ಲ. ನಿಮ್ಮ ಹೆಸರಿನಲ್ಲಿ ಫಾರ್ಮ್ ತುಂಬಿಕೊಡುವುದಕ್ಕೆ ಹತ್ತು ಸಾವಿರ ರೂಪಾಯಿ ಕೊಡುವುದಕ್ಕಿಂತ ಏಳನೆಯ ತರಗತಿಯ ಮಗಳ ಕೈಯಲ್ಲೇ ತುಂಬಿಸಿರಿ.

ದಿನಾಂಕದ ಮಾತಿಗೆ ಬಂದರೆ, ಖಚಿತ ದಿನ ಮತ್ತು ಗಳಿಗೆ ಸಾಮಾನ್ಯವಾಗಿ ಕೆಲವೇ ದಿನ ಅಥವಾ ವಾರಗಳ ಮೊದಲು ಪ್ರಕಟವಾಗುತ್ತದೆ. ಅದಕ್ಕಿಂತ ಮುಂಚೆ ಸುಳಿವು ಬೇಕಾದವರು ವಿಮಾನಗಳಿಗೂ ಹಡಗುಗಳಿಗೂ ಹೊರಡಿಸುವ ಎಚ್ಚರಿಕೆಯ ಸೂಚನೆಗಳನ್ನು ಗಮನಿಸುತ್ತಾರೆ, ಏಕೆಂದರೆ ರಾಕೆಟ್ಟಿನ ಉರಿದು ಮುಗಿದ ಭಾಗಗಳು ಬೀಳುವ ಸಮುದ್ರದ ಪ್ರದೇಶವನ್ನು ಆ ದಿನಗಳಲ್ಲಿ ತೆರವುಗೊಳಿಸಬೇಕಾಗುತ್ತದೆ. ಆ ಸೂಚನೆಯಲ್ಲೂ ಒಂದೇ ದಿನವನ್ನು ಕಾಯ್ದಿರಿಸುವುದಿಲ್ಲ, ಹಲವು ದಿನಗಳ ಅವಧಿ ಇರುತ್ತದೆ ಎಂಬುದನ್ನು ನೋಡಿದರೆ, ಮುಂದೂಡಿಕೆಗೆ ಅವರೇ ಮನಸ್ಸು ಸಿದ್ಧಮಾಡಿಕೊಂಡಿರುತ್ತಾರೆ ಎಂಬುದು ನಿಮಗೆ ಅರ್ಥವಾದೀತು. ರೈಲಿನ ಟಿಕೆಟನ್ನು ಎರಡು ತಿಂಗಳು ಮೊದಲು ತೆಗೆಯಬೇಕಾದ ನಮಗೂ ಈ ಲೆಕ್ಕಕ್ಕೂ ತಾಳೆ ಬೀಳುವುದೇ ಇಲ್ಲ.

ತೊರವಿ ರಸ್ತೆ (ವಿಜಯಪುರ)

ಗುರುಗಳು ಹೇಳಿದ ಮುಂದೂಡಿಕೆಯ ಮಾತಿಗೆ ನಾನೇ ಸಾಕ್ಷಿ. ಚಂದ್ರಯಾನ-2 ಮೊದಲು ಹಾರಬೇಕಾಗಿದ್ದುದು 2019ರ ಜುಲೈ 15ರ ನಸುಕಿನ 2 ಗಂಟೆ 51 ನಿಮಿಷಕ್ಕೆ. ನಾವು ಇಬ್ಬರು ಅಣ್ಣತಮ್ಮಂದಿರು ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ರಾತ್ರಿಯೆಲ್ಲ ನಿದ್ದೆಗೆಟ್ಟು ಕುಳಿತು, ಸಣ್ಣವನು ತೊಡೆಯ ಮೇಲೆ ಮಲಗಿ, ನಾವು ಬೆವರು ಒರೆಸಿಕೊಳ್ಳುತ್ತ ಪರದೆಯ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದಾಗ, 56 ನಿಮಿಷ 24 ಸೆಕೆಂಡು ಉಳಿದಿರುವಂತೆ ಕ್ಷಣಗಣನೆ ನಿಂತುಹೋಯಿತು. ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ತಾಂತ್ರಿಕ ದೋಷ ಕಂಡುಬಂದಿದ್ದರಿಂದ ಆ ದಿನದ ಉಡಾವಣೆಯನ್ನು ಕೈಬಿಡಲಾಗಿದೆ ಎಂಬ ಪ್ರಕಟಣೆ ಬಂತು. ಸಾವಿರಾರು ಜನ ಗಲಾಟೆಯಿಲ್ಲದೆ ಎದ್ದು ಬಸ್ಸಿನ ಕಡೆಗೆ ನಡೆದ ಆ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಒಂದು ವಾರದ ನಂತರ, ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ, ಅದೇ ರಾಕೆಟ್ ಸುಸೂತ್ರವಾಗಿ ಹಾರಿತು. ಆಗ ನಾವು ವಿಜಯಪುರದಲ್ಲಿದ್ದೆವು, ಮಕ್ಕಳು ಶಾಲೆಯಲ್ಲಿದ್ದರು. ಯಾರ ಮೇಲೂ ನನ್ನ ದೂರಿಲ್ಲ. ದೋಷ ಕಂಡ ಮೇಲೂ ಹಾರಿಸಿದ್ದರೆ ಅದಕ್ಕಿಂತ ದೊಡ್ಡ ತಪ್ಪು ಮತ್ತೊಂದಿರುತ್ತಿರಲಿಲ್ಲ. ನಮ್ಮ ತಪ್ಪೇನೆಂದರೆ, ಹೋಗುವ ದಿನ ಒಂದು, ಬರುವ ದಿನ ಒಂದು, ನಡುವೆ ಒಂದೇ ರಾತ್ರಿ ಎಂದು ಲೆಕ್ಕ ಹಾಕಿದ್ದೆವು. ದ್ವೀಪದ ದಾರಿಯಲ್ಲಿ ಸಿಗುವ, ಹಕ್ಕಿಗಳ ಪುಲಿಕಾಟ್ ಸರೋವರವನ್ನು ಕತ್ತಲೆಯಲ್ಲೇ ದಾಟಿ ಹೋಗಿ, ಕತ್ತಲೆಯಲ್ಲೇ ದಾಟಿ ಬಂದೆವು. ಅಷ್ಟು ದೂರ ಹೋಗಿ ಒಂದು ಹಕ್ಕಿಯನ್ನೂ ನೋಡಲಿಲ್ಲ.

ಕೃಷ್ಣಾ ತೀರ (ಅಥಣಿ)

ಯಾರ ಉತ್ಸಾಹಕ್ಕೂ ತಣ್ಣೀರೆರಚುವ ಉದ್ದೇಶ ನನ್ನದಲ್ಲ. ಆದರೆ ಎಲ್ಲ ಉಡಾವಣೆಗಳನ್ನೂ ಇಸ್ರೋ ನೇರಪ್ರಸಾರ ಮಾಡುತ್ತದೆ. ರಾಕೆಟ್ಟಿಗೆ ಕಟ್ಟಿದ ಕ್ಯಾಮೆರಾದ ಚಿತ್ರವೂ ಎಷ್ಟೋ ಸಲ ಅದರಲ್ಲಿ ಬರುತ್ತದೆ. ಮನೆಯಲ್ಲಿ ಕುಳಿತು ಅಷ್ಟು ಸ್ಪಷ್ಟವಾಗಿ ಕಾಣುವುದನ್ನು, ವಯಸ್ಸಾದ ತಾಯಿಯನ್ನು ಕಟ್ಟಿಕೊಂಡು, ಸಾವಿರ ಕಿಲೋಮೀಟರಿನ ಆಸುಪಾಸು ಪ್ರಯಾಣ ಮಾಡಿ, ದೂರದ ಒಂದು ಬೆಂಕಿಯ ಚುಕ್ಕೆಯಾಗಿ ನೋಡುವುದರಲ್ಲಿ ಏನು ಲಾಭ? ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಬೇಕೆಂದರೆ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಬೆಂಗಳೂರಿಗೆ ಹೋದರೆ ನೆಹರೂ ತಾರಾಲಯ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಎಚ್‌ಎಎಲ್ ವೈಮಾನಿಕ ಸಂಗ್ರಹಾಲಯ ಮೂರನ್ನೂ ಎರಡು ದಿನದಲ್ಲಿ ನೋಡಬಹುದು, ಅವು ಯಾವುವೂ ಹವಾಮಾನ ನೋಡಿ ಮುಂದೂಡಲ್ಪಡುವುದಿಲ್ಲ.

ಕುಂದಾ ಪ್ರಿಯೆ (ಬೆಳಗಾವಿ)

ಅಥಣಿಯ ಅಣ್ಣಾವರ ಮಾತಿನಲ್ಲಿ ಖರ್ಚಿನ ಲೆಕ್ಕ ಸರಿಯಾಗಿದೆ, ಆದರೆ ನೋಟದ ಲೆಕ್ಕ ಸರಿಯಿಲ್ಲ. ನಾನು 2023ರ ಮೇ 29ರಂದು, ನಮ್ಮ ಶಾಲೆಗಳು ತೆರೆಯುವ ಹೊಸ್ತಿಲಲ್ಲಿ, ಜಿಎಸ್‌ಎಲ್‌ವಿ-ಎಫ್12 ಹಾರುವುದನ್ನು ಕಣ್ಣಾರೆ ನೋಡಿದವಳು. ಬೆಳಿಗ್ಗೆ 10 ಗಂಟೆ 42 ನಿಮಿಷ, ನೆತ್ತಿಯ ಮೇಲೆ ಉರಿಬಿಸಿಲು. ನಮ್ಮದೇ ನಾವಿಕ್ ಪಥದರ್ಶಕ ವ್ಯವಸ್ಥೆಗೆ ಸೇರಿದ ಎನ್‌ವಿಎಸ್-01 ಉಪಗ್ರಹ ಅದರ ನೆತ್ತಿಯಲ್ಲಿತ್ತು. ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತ ಮೊದಲ ಉಪಗ್ರಹ ಅದೆಂದು ಹೋಗುವ ಮುಂಚೆ ನನ್ನ ಮಗನೇ ನನಗೆ ಪಾಠ ಮಾಡಿದ್ದ.

ಮೊದಲು ಬುಡದಲ್ಲಿ ಕೆಂಗಂದು ಬಣ್ಣದ ಹೊಗೆ ಕಂಡಿತು. ಜಿಎಸ್‌ಎಲ್‌ವಿಯ ಪಕ್ಕದಲ್ಲಿರುವ ನಾಲ್ಕು ದ್ರವ ಇಂಧನದ ಎಂಜಿನ್‌ಗಳು ಸುಮಾರು 5 ಸೆಕೆಂಡು ಮೊದಲೇ ಹೊತ್ತಿಕೊಳ್ಳುತ್ತವೆ, ಅವು ನೆಟ್ಟಗೆ ಉರಿಯುತ್ತಿವೆಯೆಂದು ಕಂಪ್ಯೂಟರಿಗೆ ಖಾತ್ರಿಯಾದ ಮೇಲೆಯೇ ನಡುವಿನ ಘನ ಇಂಧನಕ್ಕೆ ಕಿಡಿ ಬೀಳುತ್ತದೆ. ಆ ಕಿಡಿ ಬಿದ್ದ ಗಳಿಗೆಯಲ್ಲಿ ಕಂಡ ಬೆಳಕನ್ನು ಯಾವ ಟಿವಿಯೂ ತೋರಿಸಲಾರದು, ಏಕೆಂದರೆ ಕ್ಯಾಮೆರಾ ಆ ಪ್ರಖರತೆಯನ್ನು ತಗ್ಗಿಸಿ ಕೊಡುತ್ತದೆ. ಬರಿಗಣ್ಣಿಗೆ ಅದು ವೆಲ್ಡಿಂಗ್ ಮಾಡುವಾಗಿನ ಬೆಳಕಿನಂತೆ ಚುಚ್ಚುತ್ತದೆ. ಆದರೂ ಎಲ್ಲವೂ ನಿಶ್ಶಬ್ದ. ಅಷ್ಟು ದೊಡ್ಡ ಬೆಂಕಿ ಸದ್ದೇ ಇಲ್ಲದೆ ಮೇಲೇರುವುದನ್ನು ನೋಡಿ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಕಿವಿಯನ್ನು ಮುಟ್ಟಿ ನೋಡಿಕೊಂಡರು. ಧ್ವನಿ ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕಾಗುವುದರಿಂದ, ಬೆಳಕು ಕಂಡ ಕೂಡಲೇ ಎಣಿಸತೊಡಗಿ ದೂರವನ್ನು ಲೆಕ್ಕ ಹಾಕುತ್ತೇನೆಂದು ಮಗ ಹೇಳಿದ್ದ. ಜನರ ಕೂಗಿನಲ್ಲಿ ಆರರ ನಂತರ ಅವನ ಎಣಿಕೆ ತಪ್ಪಿತು. ಆಮೇಲೆ ಸದ್ದು ಬಂತು. ಕಿವಿಗಿಂತ ಮೊದಲು ಎದೆಗೆ ತಾಗಿತು. ಮೊದಲು ದೂರದ ಗುಡುಗಿನಂತೆ, ನಂತರ ಒಣಗಿದ ಬಟ್ಟೆಯನ್ನು ಯಾರೋ ಜಗ್ಗಿ ಜಗ್ಗಿ ಹರಿಯುತ್ತಿರುವಂತೆ. ಕೂತಿದ್ದ ಬೆಂಚು ನಡುಗುವುದು ತೊಡೆಗೆ ಗೊತ್ತಾಗುತ್ತಿತ್ತು.

ಕೆಲವೇ ನಿಮಿಷಗಳಲ್ಲಿ ರಾಕೆಟ್ ಕಣ್ಮರೆಯಾಯಿತು, ಹೊಗೆಯ ಕಂಬ ಮಾತ್ರ ಗಾಳಿಗೆ ಸೊಟ್ಟಗಾಗುತ್ತ ಉಳಿಯಿತು. ಉಪಗ್ರಹ ಬೇರ್ಪಟ್ಟದ್ದು ಸುಮಾರು 19 ನಿಮಿಷಗಳ ನಂತರ, ಅದನ್ನು ಪರದೆಯ ಮೇಲೆಯೇ ನೋಡಬೇಕು. ಅರ್ಧ ಜನ ಅಷ್ಟರಲ್ಲಿ ಎದ್ದು ಹೊರಟಿದ್ದರು, ನನಗೆ ಅದು ಸರಿಯೆನಿಸಲಿಲ್ಲ.

ತೊರವಿ ರಸ್ತೆ (ವಿಜಯಪುರ)

ಅಕ್ಕಾವರೇ, ನಿಮ್ಮ ವಿವರಣೆ ಓದಿ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಆಡಿದ ಮಾತು ಹಲವು ಸಲ ತಿರುಗಿ ಬರುವುದನ್ನು ಕೇಳಿ ಬೆಳೆದವರು ನಾವು, ಧ್ವನಿ ತಡವಾಗಿ ಬರುವುದೆಂದರೆ ಏನೆಂದು ಮಕ್ಕಳಿಗೆ ವಿವರಿಸಲು ಹೊರಡುವ ಮುಂಚೆ ಅಲ್ಲಿಗೇ ಒಮ್ಮೆ ಕರೆದುಕೊಂಡು ಹೋಗಬಹುದು. ಎತ್ತರದ ಅಂದಾಜಿಗೂ ಅದೇ ಸಾಕು. ಗುಮ್ಮಟದ ಎತ್ತರ ಸುಮಾರು 51 ಮೀಟರ್, ಜಿಎಸ್‌ಎಲ್‌ವಿಯ ಎತ್ತರವೂ ಹತ್ತಿರ ಹತ್ತಿರ ಅಷ್ಟೇ. ಗುಮ್ಮಟದ ಬುಡದಲ್ಲಿ ನಿಂತು ತಲೆಯೆತ್ತಿ, ಇಷ್ಟು ಎತ್ತರದ್ದು ನೆಲ ಬಿಟ್ಟು ಏಳುತ್ತದೆ ಎಂದು ಹೇಳಿದರೆ ಮಕ್ಕಳಿಗೆ ಪುಸ್ತಕದ ಅಂಕಿಗಿಂತ ಬೇಗ ತಿಳಿಯುತ್ತದೆ.

ನಿವೃತ್ತ ಭೌತಶಾಸ್ತ್ರ ಶಿಕ್ಷಕ (ಗೋಕಾಕ)

ಒಳ್ಳೆಯ ಹೋಲಿಕೆ. ಆದರೆ ತೂಕದಲ್ಲಿ ಹಿರಿಯಣ್ಣ ಬೇರೆ ಇದ್ದಾನೆ: ಚಂದ್ರಯಾನ-3ನ್ನು 2023ರ ಜುಲೈ 14ರಂದು ಹೊತ್ತೊಯ್ದ ಎಲ್‌ವಿಎಂ3 ಎತ್ತರದಲ್ಲಿ 43.5 ಮೀಟರ್ ಮಾತ್ರ, ತೂಕದಲ್ಲಿ 640 ಟನ್. ಅದರ ಬಹುಪಾಲು ಇಂಧನವೇ.

ಮಕ್ಕಳು ಖಂಡಿತ ಕೇಳುವ ಇನ್ನೊಂದು ಪ್ರಶ್ನೆಗೆ ನೀವು ಸಿದ್ಧರಾಗಿರಬೇಕು: ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವಾಗ ರಾಕೆಟ್ ಮಾತ್ರ ಆಂಧ್ರದ ಕಡಲಂಚಿನಿಂದ ಏಕೆ ಹಾರಬೇಕು? ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಶ್ರೀಹರಿಕೋಟಾದ ಅಕ್ಷಾಂಶದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಪೂರ್ವಕ್ಕೆ ಹಾರಿಸಿದ ರಾಕೆಟ್ಟಿಗೆ ಅಷ್ಟು ವೇಗ ಪುಕ್ಕಟೆಯಾಗಿ ಸಿಗುತ್ತದೆ. ಪೂರ್ವಕ್ಕೆ ಬಂಗಾಳ ಕೊಲ್ಲಿ ಇರುವುದರಿಂದ ಕಳಚಿದ ಹಂತಗಳು ಯಾರ ಹೊಲದ ಮೇಲೂ ಬೀಳುವುದಿಲ್ಲ. ನಮ್ಮ ಕಾರವಾರದಿಂದ ಹಾರಿಸಿದರೆ ಅವು ಕರ್ನಾಟಕದ ತಲೆಯ ಮೇಲೇ ಬೀಳುತ್ತಿದ್ದವು.

ದಕ್ಷಿಣಕ್ಕೆ, ಭೂಮಿಯ ಧ್ರುವಗಳ ಮೇಲೆ ಹಾಯುವ ಧ್ರುವೀಯ ಕಕ್ಷೆಗೆ ಹೋಗುವ ಪಿಎಸ್‌ಎಲ್‌ವಿಗೆ ಮಾತ್ರ ಒಂದು ತೊಡಕಿದೆ. ನೆಟ್ಟಗೆ ಹೋದರೆ ದಾರಿಯಲ್ಲಿ ಶ್ರೀಲಂಕಾ ಅಡ್ಡ ಬರುವುದರಿಂದ ಮೊದಲು ಆಗ್ನೇಯಕ್ಕೆ ಹೋಗಿ ಆಮೇಲೆ ಹೊರಳಬೇಕು, ಆ ಹೊರಳಿಗೆ ಇಂಧನ ಖರ್ಚಾಗಿ ಹೊರುವ ಭಾರ ತಗ್ಗುತ್ತದೆ. ಸಣ್ಣ ರಾಕೆಟ್ಟಿಗೆ ಈ ನಷ್ಟ ಇನ್ನೂ ಹೆಚ್ಚು ತಟ್ಟುತ್ತದೆ. ಅದಕ್ಕಾಗಿಯೇ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಎಸ್‌ಎಸ್‌ಎಲ್‌ವಿ ಎಂಬ ಸಣ್ಣ ರಾಕೆಟ್ಟಿಗೆಂದು ಹೊಸ ಉಡಾವಣಾ ನೆಲೆಗೆ 2024ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದ್ದಾರೆ. ಬಿಡಿ, ಇದನ್ನೆಲ್ಲ ಒಮ್ಮೆಗೇ ಹೇಳಿದರೆ ಮಕ್ಕಳು ರೈಲಿನ ಕಿಟಕಿಯ ಕಡೆಗೆ ತಿರುಗಿಬಿಡುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದವನ ಚಟ.

ಮುಳುಗಡೆ ಓಣಿಯವನು (ನವನಗರ, ಬಾಗಲಕೋಟೆ)

ಎಲ್ಲರೂ ರಾಕೆಟ್ಟಿನ ಬಗ್ಗೆಯೇ ಬರೆಯುತ್ತಿದ್ದೀರಿ, ನೆಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1969ರಲ್ಲಿ ಶ್ರೀಹರಿಕೋಟಾ ದ್ವೀಪವನ್ನು ಆರಿಸಿದಾಗ ಅದು ಖಾಲಿ ನೆಲವಾಗಿರಲಿಲ್ಲ. ಕಾಡಿನ ಹುಟ್ಟುವಳಿ ಮತ್ತು ಮೀನನ್ನು ನಂಬಿ ಬದುಕುವ ಯಾನಾದಿ ಸಮುದಾಯದವರು ಅಲ್ಲಿದ್ದರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ಸೆಕ್ಟರ್ ನಂಬರಿನ ಊರಿಗೆ ಬಂದ ನಮ್ಮಂಥವರಿಗೆ ಈ ಸಂಗತಿ ಓದಿದ ಕೂಡಲೇ ಮನಸ್ಸಿಗೆ ಹತ್ತುತ್ತದೆ. ಅಣೆಕಟ್ಟು ಬೇಡವಾಗಿತ್ತೆಂದು ನಾನು ಎಂದೂ ಹೇಳಿದವನಲ್ಲ, ಉಡಾವಣಾ ಕೇಂದ್ರದ ಬಗ್ಗೆಯೂ ಹಾಗೆ ಹೇಳಲಾರೆ. ಆದರೆ ಮಕ್ಕಳಿಗೆ 1971ರ ಅಕ್ಟೋಬರ್ 9ರಂದು ಅಲ್ಲಿಂದ ವಾಯುಮಂಡಲದ ಮೇಲಿನ ಪದರಗಳನ್ನು ಅಳೆಯುವ ಸಣ್ಣ ರಾಕೆಟ್, ಅಂದರೆ ಮೊದಲ ರೋಹಿಣಿ ಸೌಂಡಿಂಗ್ ರಾಕೆಟ್ ಹಾರಿತೆಂದು ಹೇಳುವಾಗ, ಅದಕ್ಕಿಂತ ಮೊದಲು ಅಲ್ಲಿ ಯಾರ ಗುಡಿಸಲುಗಳಿದ್ದವು ಎಂಬುದನ್ನೂ ಹೇಳಬೇಕು.

ಘಟಪ್ರಭಾ ದಂಡೆ (ಬಾಗಲಕೋಟೆ)

ನವನಗರದ ಕಾಕಾವರೇ, ನಮ್ಮದೂ ಮುಳುಗಡೆಯ ಮನೆಯೇ, ನಿಮ್ಮ ಮಾತು ಅವ್ವನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಆ ಮಂದಿಗಿ ಏನ ಕೊಟ್ರಂತ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗುರುಗಳ ಮಾತಿನಿಂದ ಟ್ರಾವೆಲ್ಸ್‌ನವರ ವಿಷಯ ಮುಗಿಯಿತು. ನಿನ್ನೆ ಫೋನು ಮಾಡಿ ‘ಪಾಸ್ ಬೇಡ, ಬರೀ ವಾಹನದ ಬಾಡಿಗೆ ಹೇಳಿರಿ’ ಎಂದಾಗ ಅವರು ಪಾಸಿನ ಸುದ್ದಿಯನ್ನೇ ಎತ್ತಲಿಲ್ಲ. ಈಗ ಉಳಿದಿರುವುದು ಋತು ಮತ್ತು ದಾರಿ. ಉಡಾವಣೆ ತಪ್ಪಿದರೂ ಪ್ರವಾಸ ಹಾಳಾಗದಂತೆ ಹೇಗೆ ಹೊಂದಿಸಬಹುದು?

ಕುಂದಾ ಪ್ರಿಯೆ (ಬೆಳಗಾವಿ)

ನಾವು ಮಾಡಿದ್ದನ್ನೇ ಹೇಳುತ್ತೇನೆ. ಕೊಲ್ಹಾಪುರದಿಂದ ಬೆಳಗಾವಿ, ಹುಬ್ಬಳ್ಳಿ ಮಾರ್ಗವಾಗಿ ತಿರುಪತಿಗೆ ಹೋಗುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಇದೆ. ನೀವು ಹುಬ್ಬಳ್ಳಿಗೆ ಬಂದು ಹತ್ತಬಹುದು. ವಿಜಯಪುರದವರಿಗೆ ಸೊಲ್ಲಾಪುರಕ್ಕೆ ಹೋಗಿ ಮುಂಬೈ-ಚೆನ್ನೈ ಮಾರ್ಗದ ರೈಲಿನಲ್ಲಿ ರೇಣಿಗುಂಟೆಗೆ ಇಳಿಯುವುದು ಸುಲಭ. ತಿರುಮಲದ ದರ್ಶನ ಮುಗಿಸಿ, ಶ್ರೀಕಾಳಹಸ್ತಿಯನ್ನು ನೋಡಿಕೊಂಡು, ನಾಯ್ಡುಪೇಟೆಯ ಮೇಲೆ ಸೂಳೂರುಪೇಟೆಗೆ ಹೋದೆವು. ಅಲ್ಲಿಂದ ಶ್ರೀಹರಿಕೋಟಾ ಇಪ್ಪತ್ತು ಕಿಲೋಮೀಟರಿನೊಳಗೆ. ಹೀಗೆ ಹೊಂದಿಸಿದರೆ ನಿಮ್ಮ ತಾಯಿಯವರ ಯಾತ್ರೆಯೂ ಆಗುತ್ತದೆ. ನಮ್ಮ ಅತ್ತೆಯವರಂತೂ ರಾಕೆಟ್ಟಿಗಾಗಿ ಅಲ್ಲ, ವೆಂಕಟರಮಣನಿಗಾಗಿಯೇ ಬಂದವರು, ಆದರೆ ಸದ್ದು ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವರೂ ಅವರೇ. ಹಿಂತಿರುಗುವಾಗ ಚೆನ್ನೈ ನೋಡಬೇಕೆಂದಿದ್ದರೆ ಸೂಳೂರುಪೇಟೆಯಿಂದ ಅಲ್ಲಿಗೆ ಲೋಕಲ್ ರೈಲುಗಳಿವೆ.

ಋತುವಿನ ವಿಷಯದಲ್ಲಿ ಆಯ್ಕೆ ಕಷ್ಟ. ಬೇಸಿಗೆಯಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ, ಆದರೆ ಕಡಲಂಚಿನ ಸೆಕೆ ನಮ್ಮ ಒಣಬಿಸಿಲಿನಂಥದ್ದಲ್ಲ, ಬಟ್ಟೆ ಮೈಗೆ ಅಂಟುತ್ತದೆ. ದಸರಾ ಹೊತ್ತಿಗೆ ಆ ಕರಾವಳಿಗೆ ಹಿಂಗಾರು ಮಳೆ ಕಾಲಿಡುತ್ತದೆ, ಡಿಸೆಂಬರಿನವರೆಗೂ ಚಂಡಮಾರುತದ ಭಯ ಇದ್ದೇ ಇರುತ್ತದೆ.

ತೊರವಿ ರಸ್ತೆ (ವಿಜಯಪುರ)

ಚಳಿಗಾಲದ ಪರವಾಗಿ ಒಂದು ಮಾತು. ಆ ಕೆಟ್ಟ ರಾತ್ರಿಯ ನಂತರ 2025ರ ಜನವರಿಯಲ್ಲಿ ನಾವು ಮತ್ತೆ ಹೋದೆವು, ಈ ಸಲ ನಾಲ್ಕು ದಿನ ಕೈಯಲ್ಲಿಟ್ಟುಕೊಂಡು. ಜನವರಿ 29ರ ಬೆಳಿಗ್ಗೆ 6 ಗಂಟೆ 23 ನಿಮಿಷಕ್ಕೆ ಹಾರಿದ ಜಿಎಸ್‌ಎಲ್‌ವಿ-ಎಫ್15 ಶ್ರೀಹರಿಕೋಟಾದ ನೂರನೆಯ ಉಡಾವಣೆ. ನಮಗೆ ಗ್ಯಾಲರಿಯ ನೋಂದಣಿ ಸಿಗಲಿಲ್ಲ, ಹೊರಗಿನಿಂದಲೇ ನೋಡಿದೆವು. ಕತ್ತಲೆ ಇನ್ನೂ ಪೂರ್ತಿ ಹರಿಯದ ಆಕಾಶದಲ್ಲಿ ಆ ಬೆಂಕಿ ಅಷ್ಟು ದೂರದಿಂದಲೂ ಚೆನ್ನಾಗಿಯೇ ಕಂಡಿತು. ಗ್ಯಾಲರಿಯ ಜಾಗ ಸಿಗಲಿಲ್ಲವೆಂದು ಪ್ರವಾಸ ರದ್ದು ಮಾಡಬೇಕಿಲ್ಲ, ಆದರೆ ಉಡಾವಣೆಯ ದಿನ ರಸ್ತೆಯಲ್ಲಿ ವಾಹನ ಎಲ್ಲಿ ನಿಲ್ಲಿಸಲು ಬಿಡುತ್ತಾರೆಂದು ಪೊಲೀಸರನ್ನು ಮೊದಲೇ ಕೇಳಿಕೊಳ್ಳಬೇಕು.

ಅದಕ್ಕಿಂತ ಹೆಚ್ಚಾಗಿ ಮಕ್ಕಳು ಇವತ್ತಿಗೂ ನೆನೆಸುವುದು ಪುಲಿಕಾಟನ್ನು. ಚಿಲಿಕಾ ಬಿಟ್ಟರೆ ದೇಶದಲ್ಲೇ ದೊಡ್ಡದಾದ ಉಪ್ಪುನೀರು ಬೆರೆತ ಸರೋವರ ಅದು. ಸೂಳೂರುಪೇಟೆಯಿಂದ ದ್ವೀಪಕ್ಕೆ ಹೋಗುವ ರಸ್ತೆ ಅದರ ನಡುವೆಯೇ ಹಾಯುತ್ತದೆ. ಚಳಿಗಾಲದಲ್ಲಿ ಎರಡೂ ಬದಿಯ ತೆಳುನೀರಿನಲ್ಲಿ ರಾಜಹಂಸಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಹಗಲಲ್ಲಿ ದಾಟಿರಿ ಎಂಬುದೊಂದೇ ನನ್ನ ಬೇಡಿಕೆ.

ಕೃಷ್ಣಾ ತೀರ (ಅಥಣಿ)

ನನ್ನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಿರುಪತಿ, ಕಾಳಹಸ್ತಿ, ಸರೋವರ ಮೂರೂ ಇರುವಾಗ ಉಡಾವಣೆ ತಪ್ಪಿದರೂ ನಷ್ಟವಾಗುವುದಿಲ್ಲ. ಉಳಿದರ್ಧ ಮಾತು ಹಾಗೆಯೇ ಇದೆ: ಮಕ್ಕಳಿಗೆ ರಾಕೆಟ್ ತೋರಿಸುತ್ತೇನೆಂದು ಮಾತು ಕೊಡಬೇಡಿರಿ. ಹಾರಿದ ಮೇಲೂ ಎಲ್ಲ ಸರಿಹೋಗುತ್ತದೆ ಎನ್ನಲಾಗದು. 2025ರ ಮೇ 18ರಂದು, ಮಕ್ಕಳಿಗೆ ರಜೆ ಇದ್ದ ಭಾನುವಾರವೇ, ಪಿಎಸ್‌ಎಲ್‌ವಿ-ಸಿ61 ಚೆನ್ನಾಗಿಯೇ ಮೇಲೇರಿ ಮೂರನೆಯ ಹಂತದಲ್ಲಿ ಎಡವಿತು. ಅದನ್ನು ಟಿವಿಯಲ್ಲಿ ನೋಡುತ್ತಿದ್ದ ನನ್ನ ಮೊಮ್ಮಗ ತಾನೇ ಏನೋ ತಪ್ಪು ಮಾಡಿದವನಂತೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ.

ನಿವೃತ್ತ ಭೌತಶಾಸ್ತ್ರ ಶಿಕ್ಷಕ (ಗೋಕಾಕ)

ಹಾಗೆ ಕುಳಿತ ಮೊಮ್ಮಗನಿಗೆ ಹೇಳಿರಿ: 1979ರ ಆಗಸ್ಟ್ 10ರಂದು ಅದೇ ನೆಲದಿಂದ ಎದ್ದ ಮೊದಲ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿತ್ತು, ಮರುವರ್ಷ ಜುಲೈ 18ರಂದು ಎರಡನೆಯದು ರೋಹಿಣಿ ಎಂಬ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1993ರ ಮೊದಲ ಪಿಎಸ್‌ಎಲ್‌ವಿಯೂ ಸೋತಿತ್ತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ನಮ್ಮ ಯು. ಆರ್. ರಾವ್ ಅವರು.

ಇನ್ನು ಉಡಾವಣೆ ಇಲ್ಲದ ದಿನ ಒಳಗೆ ಏನು ನೋಡಬಹುದೆಂದರೆ, ಸಂದರ್ಶಕರಿಗೆಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯವಿದೆ, ರಾಕೆಟ್‌ಗಳ ಮಾದರಿಗಳಿವೆ. ಆದರೆ ಅದು ಭದ್ರತಾ ವಲಯ; ಭೇಟಿಯ ದಿನ, ಸಮಯ, ನೋಂದಣಿಯ ನಿಯಮಗಳನ್ನು ಹೊರಡುವ ವಾರ ಅಧಿಕೃತ ಜಾಲತಾಣದಲ್ಲಿ ಓದಿಕೊಂಡೇ ಹೋಗಬೇಕು. ಇಲ್ಲಿ ನಾವು ಬರೆದದ್ದನ್ನು ನಂಬಿ ಹೋಗಬೇಡಿರಿ. ಮಕ್ಕಳ ಗುರುತಿನ ಚೀಟಿಯನ್ನೂ ಮರೆಯಬೇಡಿರಿ.

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರ ಮಾತುಗಳನ್ನೂ ಮನೆಯಲ್ಲಿ ಓದಿ ತೀರ್ಮಾನಕ್ಕೆ ಬಂದಿದ್ದೇವೆ. ಮೇ ಎರಡನೆಯ ವಾರ ಹೊರಡುತ್ತೇವೆ. ತಿರುಪತಿಗೆ ಎರಡು ದಿನ, ಸೂಳೂರುಪೇಟೆಗೆ ಮೂರು ದಿನ ಇಟ್ಟುಕೊಂಡಿದ್ದೇವೆ. ಆ ದಿನಗಳಲ್ಲಿ ಉಡಾವಣೆ ಬಿದ್ದರೆ ನೋಡುತ್ತೇವೆ, ಬೀಳದಿದ್ದರೆ ಸಂಗ್ರಹಾಲಯ ಮತ್ತು ಸರೋವರ ನೋಡಿಕೊಂಡು ಬರುತ್ತೇವೆ. ಮಗಳನ್ನು ಕೂರಿಸಿಕೊಂಡು, ರಾಕೆಟ್ ತೋರಿಸುತ್ತೇನೆ ಎಂದ ನನ್ನ ಮಾತನ್ನು ಹಿಂದಕ್ಕೆ ಪಡೆದೆ. ಚಂದ್ರಯಾನ-2ರ 56 ನಿಮಿಷ 24 ಸೆಕೆಂಡಿನ ಕಥೆಯನ್ನು ಅವಳಿಗೆ ಓದಿ ಹೇಳಿದ್ದರಿಂದ ಆ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಅಳುವ ಬದಲು ಆ ಗಡಿಯಾರ ನಿಲ್ಲಿಸುವವರು ಯಾರು, ಅವರು ಎಲ್ಲಿ ಕೂರುತ್ತಾರೆ ಎಂದು ಕೇಳತೊಡಗಿದಳು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಅವ್ವ ಐದು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟುತ್ತೇನೆಂದು ಕುಳಿತಿದ್ದಾರೆ. ಕಡಲಂಚಿನ ಹವೆಗೆ ರೊಟ್ಟಿ ತಡೆಯುತ್ತವೆಯೇ?

ಕುಂದಾ ಪ್ರಿಯೆ (ಬೆಳಗಾವಿ)

ಚಟ್ನಿ, ಹೋಳಿಗೆ ತಡೆಯುತ್ತವೆ. ರೊಟ್ಟಿ ಎರಡನೆಯ ದಿನಕ್ಕೆ ಮೆತ್ತಗಾಗುತ್ತವೆ, ಆದ್ದರಿಂದ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಂದೊಂದು ದಿನದ್ದನ್ನು ಬೇರೆ ಬೇರೆಯಾಗಿ ಕಟ್ಟಿರಿ. ಬುತ್ತಿಯನ್ನು ತಪಾಸಣೆಯ ಬಾಗಿಲಿಗೆ ಹೊತ್ತುಕೊಂಡು ಹೋಗದೆ ವಾಹನದಲ್ಲೇ ಇಟ್ಟು, ಹೊರಬಂದ ಮೇಲೆ ಸರೋವರದ ದಂಡೆಯಲ್ಲಿ ಬಿಚ್ಚಿದರಾಯಿತು.